ಎರಡು ಸಲ ಕಳ್ಳನಾದ ಕಾಕಾ

ಕಳೆದ ತಿಂಗಳು ಚಾರ್ಜರ್ ರಿಪೇರಿಗೆಂದು ಬೇಗಂಪೇಟೆಯ ಒಂದು ಪುಟ್ಟ ಅಂಗಡಿಯ ಮುಂದೆ ನಿಂತಿದ್ದೆ. ಒಳಗಿದ್ದವನು ಕಾದ ಬೆಸುಗೆ ಕಡ್ಡಿಯನ್ನು ರಾಳಕ್ಕೆ ಮುಟ್ಟಿಸಿದ. ಸುಂಯ್ ಎಂದು ಬಿಳಿ ಹೊಗೆ ಎದ್ದಿತು. ಆ ವಾಸನೆ ಮೂಗಿಗೆ ಬಡಿದದ್ದೇ ಕುಷಾಯಿಗೂಡದ ಆ ಮನೆ, ಅದರ ಮಹಡಿಯ ಕೋಣೆ, ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತ ಕಾಕಾ... ಎಲ್ಲವೂ ಒಟ್ಟಿಗೆ ಬಂದವು. ಮನೆಗೆ ಬಂದವಳೇ ಹಳೆಯ ಡೈರಿಗಳನ್ನು ಕೆಳಗಿಳಿಸಿದೆ.

ಹೈಟೆಕ್ ಸಿಟಿಯ ಕಡೆ ದಿನ ಬೆಳಗಾದರೆ ಹೊಸ ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ನಾನು ಮೈಸೂರಿನಿಂದ ಬಂದು ಬೇಗಂಪೇಟೆಯ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ಸೇರಿದ್ದೆ. ಬಾಡಿಗೆಗೆ ಸಿಕ್ಕಿದ್ದು ಕಲಬುರಗಿ ಕಡೆಯ ದಂಪತಿಯ ಮಹಡಿ ಕೋಣೆ. ಅವರನ್ನು ಕಾಕಾ, ಕಾಕು ಎಂದೇ ಕರೆಯುತ್ತಿದ್ದೆ. ಕಾಕಾ ಹತ್ತಿರದ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಇನ್ಸ್‌ಪೆಕ್ಟರ್ ಆಗಿದ್ದವರು. ತಯಾರಾದ ಬಿಡಿಭಾಗಗಳನ್ನು ಪರೀಕ್ಷಿಸಿ ಮುದ್ರೆ ಹಾಕುವುದು ಅವರ ಕೆಲಸ. ಅಲ್ಲಿ ಒಬ್ಬೊಬ್ಬ ಇನ್ಸ್‌ಪೆಕ್ಟರಿಗೂ ತನ್ನದೇ ನಂಬರಿನ ಮುದ್ರೆ ಇರುತ್ತಿತ್ತಂತೆ. ತಾನು ಪರೀಕ್ಷಿಸದ ವಸ್ತುವಿನ ಮೇಲೆ ಆ ಮುದ್ರೆ ಬೀಳುವುದಕ್ಕಿಂತ ದೊಡ್ಡ ತಪ್ಪು ಇರಲಿಲ್ಲ. ಕೈ ನಡುಗುವ ಕಾಯಿಲೆ ಶುರುವಾಗಿ, ಒಂದು ದಿನ ತಮ್ಮ ಮುದ್ರೆ ತಾನು ಬೀಳಬೇಕಾದ ಚೌಕದ ಗೆರೆ ದಾಟಿದ್ದನ್ನು ತಾವೇ ಕಂಡು, ಯಾರೂ ಕೇಳುವ ಮೊದಲೇ ಅದನ್ನು ಮೇಜಿನ ಮೇಲಿಟ್ಟು ನಿವೃತ್ತಿ ಬರೆದುಕೊಟ್ಟು ಬಂದಿದ್ದರು. ಇದನ್ನು ನನಗೆ ಹೇಳಿದವರು ಕಾಕು. ಕಾಕಾ ಎಂದೂ ಹೇಳಲಿಲ್ಲ.

ಡೈರಿಯಲ್ಲಿ ಅವರ ಹೆಸರು ಮೊದಲು ಸಿಗುವುದು ಒಂದು ಭಾನುವಾರದ ಪುಟದಲ್ಲಿ. ನನ್ನ ಹಳೆಯ ಕಂಪ್ಯೂಟರಿನ ಸ್ಪೀಕರ್ ತಂತಿ ಕಿತ್ತುಹೋಗಿತ್ತು. ಕಾಕಾ ಬೆಸುಗೆ ಸಾಮಾನಿನ ಡಬ್ಬಿ ಹಿಡಿದು ಮೇಲೆ ಬಂದರು. ಕಡ್ಡಿ ಕಾಯಿಸಿ ಕೈಗೆ ತೆಗೆದುಕೊಂಡರು, ಸ್ವಲ್ಪ ಹೊತ್ತು ಹಿಡಿದು ನೋಡಿದರು, ಆಮೇಲೆ ನನ್ನ ಕಡೆ ಚಾಚಿದರು.

“ಕೈ ನಿಂದು, ಕಣ್ಣು ನಂದು. ಹೆದರಬ್ಯಾಡ, ಹಚ್ಚು.”

ಹಚ್ಚಿದೆ. ಸ್ಪೀಕರ್ ಮಾತಾಡಿತು. ನಾನು ಡೈರಿ ಬರೆಯುತ್ತೇನೆಂದು ಅವರಿಗೆ ಗೊತ್ತಿತ್ತು. “ಬೆಸುಗಿ ನೀ ಹಾಕೀದಿ. ನಿನ್ನ ಹೆಸರಿಲೇ ಬರಕೋ, ನಂದು ಬರೀಬ್ಯಾಡ” ಎಂದರು. ಆ ಮಾತನ್ನೂ ಬರೆದುಕೊಂಡಿದ್ದೇನೆ. ಬರೆದುಕೊಂಡೆ, ಅಷ್ಟೇ... ಅರ್ಥ ಮಾಡಿಕೊಳ್ಳಲಿಲ್ಲ.

ಸ್ಪೀಕರ್ ಪರೀಕ್ಷಿಸಲು ನಾನು ಹಾಕಿದ್ದು ಒಂದು ಹಳೆಯ ಸಾಹಸದ ಆಟ. ಅಬಿಡ್ಸ್‌ನ ಭಾನುವಾರದ ಫುಟ್‌ಪಾತಿನಲ್ಲಿ ಐದೂ ಭಾಗ ಒಂದೇ ಸಿ.ಡಿ.ಯಲ್ಲಿ ಸಿಕ್ಕಿತ್ತು. ತೆರೆಯ ಮೇಲೆ ಮೂವರು ನಿಂತಿದ್ದರು: ಯೋಧ, ಮಾಂತ್ರಿಕ, ಕಳ್ಳ.

“ಈ ಮೂರು ಮಂದಿ ಯಾರವ್ವಾ?”

“ಇವರಲ್ಲಿ ಒಬ್ಬರನ್ನ ಆರಿಸ್ಕೋಬೇಕು ಕಾಕಾ. ಆಮೇಲೆ ಬದಲಾಯಿಸೋಕೆ ಆಗಲ್ಲ. ಐದು ಭಾಗಕ್ಕೂ ಅವನೇ.”

ಕಾಕಾ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ನಾನು ವಿವರಿಸಿದೆ. ಯೋಧನಿಗೆ ಕತ್ತಿ, ಬೇಗ ಬೇಗ ಕೈ ಓಡಬೇಕು. ಮಾಂತ್ರಿಕ ಒಂದು ಗುಂಡಿ ಒತ್ತಿದರೆ ಸಾಕು, ಬಾಗಿಲು ತಾನಾಗಿ ತೆರೆಯುತ್ತದೆ. ಕಳ್ಳನಾದರೆ ಬೀಗದೊಳಗೆ ತಂತಿ ತೂರಿಸಿ, ಮೌಸನ್ನು ಕೂದಲೆಳೆಯಷ್ಟೇ ಸರಿಸುತ್ತ ತೆರೆಯಬೇಕು, ಕೈ ಅಲುಗಿದರೆ ತಂತಿ ಮುರಿಯುತ್ತದೆ. ಯಾವ ವಿದ್ಯೆಯಾದರೂ ಮಾಡಿ ಮಾಡಿಯೇ ಅಂಕ ಏರಬೇಕು. ಬೀಗದ ವಿದ್ಯೆ ಹತ್ತರಿಂದ ಶುರು. ಅದು ಐವತ್ತಕ್ಕೆ ಮುಟ್ಟಿದರೆ ಕೋಟೆಯ ಹಿಂಬಾಗಿಲು ತೆರೆದು ಮೊದಲ ಭಾಗ ಮುಗಿಯುತ್ತದೆ. ಮಾಂತ್ರಿಕನೇ ಸರಿ ಎಂದು ನಾನು ಸಲಹೆ ಕೊಟ್ಟೆ.

“ಕಳ್ಳನ್ನ ತೊಗೋ” ಎಂದರು ಕಾಕಾ. “ಇಷ್ಟು ವರ್ಷ ಮಂದಿ ತಪ್ಪು ಹಿಡದೀನಿ. ಈಗ ನನ್ನ ಯಾರರೆ ಹಿಡೀಲಿ, ನೋಡೂಣು.”

ತಮಾಷೆ ಎಂದುಕೊಂಡೆ. ಮೂವರಲ್ಲಿ ಸ್ಥಿರವಾದ ಕೈ ಬೇಕಾದವನು ಆ ಕಳ್ಳನೊಬ್ಬನೇ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಅಲ್ಲಿಂದ ಪ್ರತಿ ಭಾನುವಾರ ಬೆಳಿಗ್ಗೆ ಬರುತ್ತಿದ್ದರು. ಗುಳಿಗೆ ನುಂಗಿದ ಮೇಲೆ ಸುಮಾರು ಒಂದು ತಾಸು ಅವರ ಕೈ ನೆಟ್ಟಗಿರುತ್ತಿತ್ತು. ಆ ತಾಸಿಗೆ ಸರಿಯಾಗಿ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಹಿಂದೆಯೇ ಚಹಾ ತಂದ ಕಾಕುವಿನ ದನಿ: “ಇಪ್ಪತ್ತೆಂಟು ವರ್ಷ ಫ್ಯಾಕ್ಟರಿದು ಒಂದು ಸ್ಕ್ರೂ ಮನಿಗೆ ತರಲಿಲ್ಲ ಈ ಮನಷ್ಯಾ. ಈಗ ನೋಡವ್ವಾ, ಮುಂಜಾನೆದ್ದು ಕಳ್ಳತನ!”

“ಸುಮ್ಮನಿರಽ, ಪೊಲೀಸರು ಕೇಳ್ಯಾರು” ಎನ್ನುತ್ತಿದ್ದರು ಕಾಕಾ, ತೆರೆಯಿಂದ ಕಣ್ಣು ತೆಗೆಯದೆ.

ನಾನು ಡೈರಿಯಲ್ಲಿ ಲೆಕ್ಕ ಇಡುತ್ತಿದ್ದೆ: ತೆರೆದ ಬೀಗ, ಮುರಿದ ತಂತಿ, ಏರಿದ ಅಂಕ. ಕಾಕಾ ತಮ್ಮದೇ ಒಂದು ನೋಟ್‌ಬುಕ್ ತರುತ್ತಿದ್ದರು. ಗೆರೆ ಎಳೆದ ಕಾಲಮ್ಮುಗಳು, ಪ್ರತಿ ಸಾಲಿನ ಕೊನೆಗೆ ಸಹಿ. ಸಹಿ ಹಾಕುವಾಗ ಎಡಗೈಯಿಂದ ಬಲ ಮಣಿಕಟ್ಟನ್ನು ಒತ್ತಿ ಹಿಡಿಯುತ್ತಿದ್ದರು. ಹದಿನಾಲ್ಕು ಭಾನುವಾರಗಳಲ್ಲಿ ಅಂಕ ಹತ್ತರಿಂದ ಮೂವತ್ತನಾಲ್ಕಕ್ಕೆ ಬಂತು. ನನಗಾದರೆ ಎರಡು ಸಂಜೆಯ ಕೆಲಸ. ಆದರೆ ಒಂದೊಂದು ಬೀಗ ತೆರೆದಾಗಲೂ ಅವರು ಕೈಯನ್ನು ಮೌಸಿನಿಂದ ಎತ್ತಿ, ತಿರುಗಿಸಿ, ಬೇರೆ ಯಾರದೋ ಕೈ ನೋಡುವ ಹಾಗೆ ನೋಡುತ್ತಿದ್ದರು.

“ಆ ಹಿಂಬಾಗಲ ಒಂದು ತಗದಬಿಟ್ರ ಸಾಕು” ಎಂದರು ಒಮ್ಮೆ. “ಮುಂದಿನ ಭಾಗ ನೀ ಆಡು. ಕೈ ಪೂರಾ ಹೋಗೂದರಾಗ ಅದೊಂದು.”

ಆಮೇಲೆ ಮೂರು ವಾರ ಮಗಳ ಮನೆಗೆಂದು ಕಲಬುರಗಿಗೆ ಹೋದರು. ಆ ಮೂರು ವಾರದಲ್ಲಿ ನಾನು ಮಾಡಿದ್ದನ್ನು ಡೈರಿಯಲ್ಲಿ ಹೆಮ್ಮೆಯಿಂದಲೇ ಬರೆದಿದ್ದೇನೆ. ಅವರ ಕಳ್ಳನ ಫೈಲು ತೆರೆದು ಬೀಗದ ಮೇಲೆ ಬೀಗ ತೆರೆದೆ. ಅಂಕವನ್ನು ಐವತ್ತೆರಡಕ್ಕೆ ಏರಿಸಿದೆ. ಹಿಂಬಾಗಿಲನ್ನು ಮಾತ್ರ ಅವರಿಗೆಂದು ಉಳಿಸಿದೆ. ಅದೇ ಫೈಲಿನ ಮೇಲೆ ಸೇವ್ ಮಾಡಿದೆ. ಬೆಸುಗೆ ಹಾಕಿದ ದಿನ ನನ್ನ ಕೈಯನ್ನು ಅವರೇ ಕೇಳಿದ್ದರಲ್ಲ, ಈಗಲೂ ಕೊಟ್ಟರೆ ಸಂತೋಷಪಡುತ್ತಾರೆ ಎಂದು ನನ್ನ ಲೆಕ್ಕ.

ಕಾಕಾ ಬಂದರು. ಗುಳಿಗೆ ನುಂಗಿ ಮೇಲೆ ಹತ್ತಿ ಬಂದು, ನೋಟ್‌ಬುಕ್ ಬಿಡಿಸಿ, ತೆರೆಯನ್ನು ನೋಡಿದರು. ಮತ್ತೆ ನೋಟ್‌ಬುಕ್ ನೋಡಿದರು.

“ಇದನ್ನ ಯಾರು ಮಾಡ್ಯಾರ?”

“ನಾನೇ ಕಾಕಾ! ನಿಮಗೆ ಕಷ್ಟ ಆಗಬಾರದು ಅಂತ. ಇನ್ನು ಬಾಗಿಲು ತೆಗೆಯೋದೊಂದೇ.”

“ಮೂವತ್ತನಾಕರದು ಐತೇನು? ಹಳೇದು?”

ಇರಲಿಲ್ಲ. ಹಾಗೆಂದು ಹೇಳಿದೆ. ಅವರು ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಬೆರಳಿನಿಂದ ಆ ಐವತ್ತೆರಡನ್ನು ಒಮ್ಮೆ ಮುಟ್ಟಿದರು. “ಭಾಳ ಛಲೋ ಮಾಡೀದಿ. ಆದ್ರ ನಾ ಮಾಡಲಾರದ್ದಕ್ಕ ನಾ ಹೆಂಗ ಸಹಿ ಹಾಕ್ಲಿ?” ಎಂದರು. ನೋಟ್‌ಬುಕ್ಕಿನಲ್ಲಿ ಹೊಸ ಪುಟ ತಿರುವಿ, “ಹೊಸದು ಚಾಲೂ ಮಾಡವ್ವಾ.”

ಮತ್ತೆ ಆ ಮೂವರು ತೆರೆಯ ಮೇಲೆ ಬಂದು ನಿಂತರು. ಈ ಸಲವಾದರೂ ಮಾಂತ್ರಿಕನನ್ನು ತಗೊಳ್ಳಿ, ಬೇಗ ಮುಗಿಯುತ್ತದೆ ಎಂದೆ. ಕಾಕಾ ತಲೆಯಾಡಿಸಿ ತಾವೇ ಮೌಸ್ ಹಿಡಿದರು. ಬಾಣ ತೆರೆಯ ತುಂಬ ಅಲೆಯಿತು. ಯೋಧನ ಮೇಲೆ ಹೋಯಿತು, ಮಾಂತ್ರಿಕನ ಮೇಲೆ ಹೋಯಿತು. ಬಹಳ ಹೊತ್ತಿನ ಮೇಲೆ ಕಳ್ಳನ ಮೇಲೆ ನಿಂತಿತು. ಅಂಕ: ಹತ್ತು.

ಎರಡನೆಯ ಕಳ್ಳನಿಗೆ ಸಿಕ್ಕಿದ್ದು ಹನ್ನೊಂದು ಭಾನುವಾರ. ಗುಳಿಗೆಯ ತಾಸು ಮುಕ್ಕಾಲಾಯಿತು, ಅರ್ಧವಾಯಿತು. ತೆರೆದ ಬೀಗಗಳಿಗಿಂತ ಮುರಿದ ತಂತಿಗಳ ಸಾಲು ಉದ್ದವಾಯಿತು. ನಾನು ಪಕ್ಕದಲ್ಲಿ ಕೈ ಕಟ್ಟಿ ಕೂರುತ್ತಿದ್ದೆ. ಕಾಕು ಚಹಾ ಇಟ್ಟು ಮಾತಾಡದೆ ಇಳಿದುಹೋಗುತ್ತಿದ್ದರು. ಹನ್ನೊಂದನೆಯ ಭಾನುವಾರ ಕಾಕಾ ಕೈಯನ್ನು ಮೌಸಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು. “ಸಾಕವ್ವಾ” ಎಂದರು. ಅಂಕ ಹತ್ತೊಂಬತ್ತು. ನೋಟ್‌ಬುಕ್ಕಿನ ಆ ಸಾಲಿಗೆ ಸಹಿ ಮಾಡಲು ಮೂರು ಸಲ ಪ್ರಯತ್ನಪಟ್ಟರು. ಸಹಿ ಗೆರೆ ದಾಟಿತು. ಆದರೂ ಹಾಕಿದರು.

ಅದೇ ಬೇಸಿಗೆಯಲ್ಲಿ ಮಗಳು ಬಂದು ಇಬ್ಬರನ್ನೂ ಕಲಬುರಗಿಗೆ ಕರೆದುಕೊಂಡು ಹೋದಳು. ಮರುವರ್ಷ ಕಾಕು ಫೋನ್ ಮಾಡಿ ಕಾಕಾ ತೀರಿಕೊಂಡ ಸುದ್ದಿ ಹೇಳಿದರು. ನಾನು ಹೋಗಲಿಲ್ಲ. ಆಫೀಸಿನಲ್ಲಿ ಹೊಸ ಸಾಫ್ಟ್‌ವೇರಿನ ರಿಲೀಸ್ ಇತ್ತು ಎಂದು ಡೈರಿಯಲ್ಲಿದೆ. ಕಾರಣ ಅದಲ್ಲ... ಕ್ಷಮಿಸಿ ಎಂದು ಅವರಿಗೆ ಒಮ್ಮೆಯೂ ಹೇಳಿರಲಿಲ್ಲ.

ಈ ಸಲ ಡೈರಿ ತೆಗೆದಾಗ ಹಾಕಬಾರದ ಲೆಕ್ಕವೊಂದನ್ನು ಹಾಕಿದೆ. ಮೊದಲ ಹದಿನಾಲ್ಕು ಭಾನುವಾರಗಳ ವೇಗದಲ್ಲೇ ಹೋಗಿದ್ದರೆ, ಮೂವತ್ತನಾಲ್ಕರಿಂದ ಐವತ್ತಕ್ಕೆ ಹತ್ತು ಭಾನುವಾರ ಸಾಕಿತ್ತು. ಅವರ ಬಳಿ ಹನ್ನೊಂದು ಇದ್ದವು. ಕಾಯಿಲೆ ಹೆಚ್ಚುತ್ತಿತ್ತು, ಆ ವೇಗ ಉಳಿಯುತ್ತಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಇರಬಹುದು.

ಎರಡನೆಯ ಕಳ್ಳನ ಫೈಲು ಇನ್ನೂ ನನ್ನಲ್ಲಿದೆ. ಕಂಪ್ಯೂಟರ್ ಬದಲಾದಾಗಲೆಲ್ಲ ಅದನ್ನೇ ಮೊದಲು ನಕಲು ಮಾಡಿಕೊಂಡಿದ್ದೇನೆ. ನಿನ್ನೆ ತೆರೆದೆ. ಅವನು ಒಂದು ಹಿತ್ತಲ ಬೀಗದ ಮುಂದೆ, ತಂತಿ ಹಿಡಿದು, ಬಾಗಿ ನಿಂತಿದ್ದ. ನನ್ನ ಕೈ ಮೌಸಿನ ಮೇಲಿತ್ತು. ಸ್ವಲ್ಪವೂ ಅಲುಗದ ಕೈ. ಬಹಳ ಹೊತ್ತು ನೋಡಿ ಮುಚ್ಚಲು ಹೋದೆ. ಸೇವ್ ಮಾಡಲೇ ಎಂದು ಆಟ ಕೇಳಿತು. ಬೇಡ ಎಂದೆ.