ದೀಪ ಹಚ್ಚುವ ಹೊತ್ತಿನ ಚಿಗರಿ

ಸಂಜೆ ಬೆಳಕನ್ನು ಬಟ್ಟೆ ವ್ಯಾಪಾರಿ ನಂಬುವುದಿಲ್ಲ. ಸೊಲ್ಲಾಪುರದ ನಮ್ಮ ಅಂಗಡಿಗೆ ಹೊತ್ತಿಳಿದ ಮೇಲೆ ಯಾರಾದರೂ ಬಣ್ಣ ಆರಿಸಲು ಬಂದರೆ, 'ನಾಳಿ ಮುಂಜಾನೆ ಬರ್ರಿ' ಎಂದು ಕಳಿಸುವವನು ನಾನು. ಅಂಥವನು ಹೋದ ಚಳಿಗಾಲ ಅದೇ ಬೆಳಕಿನಲ್ಲಿ, ಬೋರಾಮಣಿಯಾಚೆ ಅಕ್ಕನ ಹೊಲದ ಬದುವಿನ ಮೇಲೆ ಕ್ಯಾಮೆರಾ ಹಿಡಿದು ಬೋರಲು ಮಲಗಿದ್ದೆ. ಮಲಗಿದ್ದೆ ಅನ್ನುವುದಕ್ಕಿಂತ ಹೊಟ್ಟೆಯ ಮೇಲೆ ತೂಗುತ್ತಿದ್ದೆ ಅನ್ನುವುದೇ ಸರಿ.

ಎಲ್ಲ ಅಕ್ಕನಿಗಾಗಿ. ಮಳೆಗಾಲದಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದಳು. ಆಪರೇಷನ್ ಚೆನ್ನಾಗಿಯೇ ಆಯಿತು. ಇನ್ನು ನಡೆಯಬೇಕು, ನಡೆಯದಿದ್ದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅಕ್ಕ ಮಾತ್ರ ಮತ್ತೆ ಬಿದ್ದೇನೆಂಬ ಹೆದರಿಕೆಗೆ ಕಾಲು ನೆಲಕ್ಕೆ ಊರುತ್ತಿರಲಿಲ್ಲ. ವಾಕರ್ ಮಂಚದ ಪಕ್ಕ ನಿಂತಲ್ಲೇ ನಿಂತಿತ್ತು. ಅದರ ಮೇಲೆ ಅವಳ ಸೊಸೆಯ ಸೀರೆ ಒಣಗುತ್ತಿತ್ತು.

ಬೋರಾಮಣಿಯ ಹುಲ್ಲುಗಾವಲಿನ ಕೃಷ್ಣಮೃಗಗಳು, ನಮ್ಮ ಬಾಯಲ್ಲಿ ಚಿಗರಿಗಳು, ದಿನಾ ಸಂಜೆ ಅಕ್ಕನ ಕಡಲೆ ಹೊಲಕ್ಕೆ ಬಾಯಿ ಹಾಕುತ್ತವೆ. ಕಾಲು ಗಟ್ಟಿ ಇದ್ದಾಗ ಅವಳು ಹೊಸ್ತಿಲಲ್ಲಿ ನಿಂತು ಅವನ್ನು ಬೈಯುತ್ತಿದ್ದಳು, ಓಡಿಸುತ್ತಿರಲಿಲ್ಲ. ಅವುಗಳಲ್ಲಿ ಕರಿ ಬೆನ್ನಿನ ಗಂಡು ಒಂದಿದೆ, ಅದಕ್ಕೆ 'ಸಾವಕಾರ' ಎಂದು ಹೆಸರಿಟ್ಟವಳೂ ಅವಳೇ. ಅದರ ಫೋಟೋ ತೋರಿಸಿದರೆ, ಕಣ್ಣಾರೆ ನೋಡುವ ಆಸೆಗಾದರೂ ಎದ್ದು ಹೊಸ್ತಿಲಿಗೆ ಬಂದಾಳು ಎಂದು ನನ್ನ ಲೆಕ್ಕ. ನನ್ನ ಮಗನ ಕ್ಯಾಮೆರಾ ಕೇಳಿ ತಂದಿದ್ದೆ.

ಅಂದು ಅಕ್ಕನ ಮಗ, ಸೊಸೆ ಅಕ್ಕಲಕೋಟದ ಬಾಜಾರಕ್ಕೆ ಹೋಗಿದ್ದರು. ನಾನು ಅವಳ ಮಂಚದ ಬಳಿ ಕೂತು ಕಿಟಕಿ ನೋಡುವುದು, ಕ್ಯಾಮೆರಾ ನೋಡುವುದು ಮಾಡುತ್ತಿದ್ದೆ.

"ನೀ ಹೋಗೋ ತಮ್ಮಾ. ಬೆಳಕ ಹೋದ್ರ ಸಾವಕಾರ ನಿನ್ನ ಸಲುವಾಗಿ ನಿಂದ್ರಂಗಿಲ್ಲ."

"ನೀ ಒಬ್ಬಾಕಿನೇ ಇರ್ತಿಯೇನು?"

"ನಾ ಎಲ್ಲಿ ಓಡಿ ಹೋಗ್ತೀನಿ?" ಎಂದು ಗೋಡೆಯ ಕಡೆ ತಿರುಗಿದಳು.

ನಾನು ಹೋಗಿ ಬದುವಿನ ಮೇಲೆ ಬೋರಲಾದೆ. ಸೂರ್ಯ ಮುಳುಗಿದ ಮೇಲೆ ಮೊದಲು ಹೆಣ್ಣು ಚಿಗರಿಗಳು ಬಂದವು, ಆಮೇಲೆ ಸಾವಕಾರ. ಕರಿ ಮಣ್ಣಿನಲ್ಲಿ ಕರಿ ಬೆನ್ನು ಕಾಣುತ್ತಲೇ ಇರಲಿಲ್ಲ, ಬಿಳಿ ಹೊಟ್ಟೆಯೊಂದೇ ನಡೆದು ಬರುತ್ತಿತ್ತು. ಮನೆಗೂ ನನಗೂ ನಡುವೆ ಬಂದು ತಲೆ ಎತ್ತಿದ. ತಿರುಚಿದ ಕೊಂಬು ಆಕಾಶದೆದುರು ಚೊಕ್ಕವಾಗಿ ಕಂಡಿತು. ಬೆರಳು ಗುಂಡಿಯ ಮೇಲಿತ್ತು. ಆಗ ಅವನ ಹಿಂದೆ, ಮನೆಯ ಹೊಸ್ತಿಲ ಬಲ್ಬು ಹತ್ತಿತು.

ನಮ್ಮಲ್ಲಿ ಸಂಜೆ ದೀಪ ಹತ್ತಿದರೆ ಕೈಯಲ್ಲಿ ಏನಿದ್ದರೂ ಬಿಟ್ಟು ಅದಕ್ಕೆ ಕೈ ಮುಗಿಯಬೇಕು. ಚಿಕ್ಕಂದಿನಲ್ಲಿ ತಲೆಗೆ ಮೊಟಕಿ ಕಲಿಸಿದವಳು ಅಕ್ಕ. ಇವತ್ತಿಗೂ ಅಂಗಡಿಯಲ್ಲಿ ಲೈಟು ಹಾಕಿದ ಕೂಡಲೇ ನಾನು ಕತ್ತರಿ ಕೆಳಗಿಡುತ್ತೇನೆ, ಗಿರಾಕಿ ಚೌಕಾಸಿ ನಿಲ್ಲಿಸುತ್ತಾನೆ. ನನ್ನ ಕೈಗಳು ನನ್ನನ್ನು ಕೇಳಲಿಲ್ಲ. ಕ್ಯಾಮೆರಾ ಬಿಟ್ಟು ಜೋಡಿಸಿಕೊಂಡವು.

ಕ್ಯಾಮೆರಾ ಕಲ್ಲಿಗೆ ಬಿದ್ದು ಸದ್ದಾಯಿತು. ಸಾವಕಾರ ಒಂದೇ ನೆಗೆತಕ್ಕೆ ಬದು ದಾಟಿದ, ಹಿಂಡು ಅವನ ಹಿಂದೆ ಹುಲ್ಲಿನಲ್ಲಿ ಮಾಯವಾಯಿತು. ನನ್ನ ಕೈಗಳಿಗೆ ನಾನೇ ಬೈದುಕೊಂಡೆ. ಬಾಯಿಗೆ ಬಂದದ್ದೆಲ್ಲ ಬೈದ ಮೇಲೆ ತಲೆಗೆ ಹೊಳೆಯಿತು: ಮನೆಯಲ್ಲಿ ಅಕ್ಕನೊಬ್ಬಳೇ ಇದ್ದಾಳಲ್ಲ, ದೀಪ ಹಾಕಿದವರು ಯಾರು?

ಬಲ್ಬಿನ ಕೆಳಗೆ ಅಕ್ಕ ನಿಂತಿದ್ದಳು. ಒಂದು ಕೈ ವಾಕರ್ ಮೇಲೆ, ಇನ್ನೊಂದು ಹಣೆಗೆ. ಸೊಸೆಯ ಸೀರೆ ವಾಕರಿಗೆ ಸಿಕ್ಕಿ ಹಿಂದೆ ನೆಲದ ಮೇಲೆ ಎಳೆದುಕೊಂಡು ಬಂದಿತ್ತು.

ನಾನು ಓಡಿದೆನೋ ಎಡವಿದೆನೋ, ಹತ್ತಿರ ಹೋಗುವಷ್ಟರಲ್ಲಿ ಕಣ್ಣು ತುಂಬಿತ್ತು. ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

"ಹಂಗ್ಯಾಕ ನೋಡ್ತಿ? ದೀಪ ಹಚ್ಚೂ ಹೊತ್ತಿನ್ಯಾಗ ಹೊಸ್ತಿಲ ಕತ್ತಲ ಇಡಾಕ ಬರತೈತೇನು?" ಎಂದಳು. ಹಣೆಯ ಕೈಯನ್ನೂ ವಾಕರ್ ಮೇಲೆ ಇಟ್ಟಳು. "ಸಾವಕಾರ ಸಿಕ್ನೇನು?"

"ಇಲ್ಲಕ್ಕಾ."

"ನಿನ್ನ ಕೈಲೆ ಆಗಂಗಿಲ್ಲ ಬಿಡು. ನಾಳಿ ಇಲ್ಲೇ ನನ್ನ ಬಾಜೂಕ ನಿಂದ್ರು, ನಾನೇ ತೋರಸ್ತೀನಿ."