ಬೇರೆ ಮಾಡದ ಹೂವು

ಮುದ್ದಮ್ಮನವರು ದೇವರಿಗೆ ಕೈ ಮುಗಿಯುವವರಲ್ಲ. ಹಿನಕಲ್ಲಿನ ಅವರ ಮನೆಯ ಗೋಡೆಯ ಮೇಲಿರುವುದು ಬುದ್ಧ ಮತ್ತು ಬಾಬಾಸಾಹೇಬರು, ಇಬ್ಬರೇ. ಆದರೂ ನಮ್ಮ ಕಡೆಯ ಎಷ್ಟೋ ದೇವರ ಮುಂದೆ ಹೊಗೆಯಾಡುವುದು ಅವರು ಹೊಸೆದ ಊದುಬತ್ತಿಯೇ. ಮಂಡಿ ಮೊಹಲ್ಲಾದ ನನ್ನ ಪೂಜಾ ಸಾಮಗ್ರಿ ಅಂಗಡಿಗೆ ಅವರು ಕಟ್ಟು ತಂದಾಗ ಒಮ್ಮೆ ಕೆಣಕಿದೆ.

“ನಂಬದ ದೇವರಿಗೆ ಬತ್ತಿ ಹೊಸೀತೀರಲ್ಲ ಮುದ್ದಮ್ಮನವರೇ?”

“ಓಟ್ಲೋನು ಹಸ್ದೋರಿಗೆಲ್ಲಾ ಇಡ್ಲಿ ಬೇಯಿಸ್ತಾನೆ. ಅಷ್ಟನ್ನೂ ಅವನೇ ತಿಂತಾನಾ ರುದ್ರಣ್ಣ?”

ಹಣೆ ತುಂಬ ವಿಭೂತಿ ಬಳಿದುಕೊಂಡು ಗಲ್ಲಾದ ಮುಂದೆ ಕೂತಿದ್ದ ನಾನು ಕಟ್ಟು ಎಣಿಸತೊಡಗಿದೆ.

ಅವರ ಗಂಡ ಮಂಟಯ್ಯ ಮಾರ್ಕೆಟ್ಟಿನಲ್ಲಿ ಹೂವಿನ ಮೂಟೆ ಇಳಿಸುತ್ತಿದ್ದವರು, ಬೇಗ ಹೋಗಿಬಿಟ್ಟರು. ಮುದ್ದಮ್ಮ ಮನೆಯಲ್ಲೇ ಕೂತು ಯಾರ್‍ಯಾರದೋ ಕಂಪನಿಗೆ ಬತ್ತಿ ಹೊಸೆದು ಮಗಳು ಕೀರ್ತಿಯನ್ನು ಓದಿಸಿದರು. ಬೆಳಿಗ್ಗೆ ಮೆರೆದ ಹೂವು ಸಂಜೆಗೆ ಚರಂಡಿ ಪಾಲಾಗುವುದನ್ನು ಕಂಡಾಗಲೆಲ್ಲ ಅವರಿಗೆ ಹೊಟ್ಟೆ ಉರಿಯುತ್ತಿತ್ತಂತೆ. ಕೊನೆಗೆ ಕೇರಿಯ ಕೆಲವು ಹೆಂಗಸರ ಸಂಘ ಕಟ್ಟಿಕೊಂಡು ಗುಡಿ, ಕಲ್ಯಾಣ ಮಂಟಪಗಳ ಬಾಡಿದ ಹೂವನ್ನು ಮನೆಗೆ ಹೊರತೊಡಗಿದರು. ದಾರ ಬಿಡಿಸಿ, ದಳ ಉದುರಿಸಿ, ಮಹಡಿಯ ಮೇಲೆ ಒಣಗಿಸಿ, ಪುಡಿ ಮಾಡಿ, ಅಂಟಿಗೆ ಜಿಗಟಿನ ಪುಡಿ ಬೆರೆಸಿ ಕಡ್ಡಿಗೆ ಹೊಸೆಯುತ್ತಾರೆ. ಒಂದೇ ಒಂದು ತೊಂದರೆ ಮಳೆಯದು. ಮಳೆ ಹಿಡಿಯಿತೆಂದರೆ ಹೂವಿಗೆ ಬೂಷ್ಟು, ಹೆಂಗಸರಿಗೆ ಕೆಲಸವಿಲ್ಲ.

ಅಷ್ಟರಲ್ಲಿ ಸರ್ಕಾರದ ಹೊಸ ನೀತಿಯೊಂದು ಬಂತು. ಹೆಸರು ‘ಸುಸ್ಥಿರ ಜೈವಿಕ ಆರ್ಥಿಕತೆ’. ಹೇಳುವಷ್ಟರಲ್ಲಿ ಹೂವು ಒಣಗಿಹೋಗುತ್ತದೆ, ಇರಲಿ. ಸಾರಾಂಶವೇನೆಂದರೆ, ನಿನ್ನೆಯವರೆಗೆ ಕಸ ಎನ್ನಿಸಿಕೊಂಡಿದ್ದು ಇಂದಿನಿಂದ ಸಂಪತ್ತು. ಆ ಸಂಪತ್ತನ್ನು ಸಂಪತ್ತು ಎಂದು ಕರೆಯದೆಯೇ ಮುದ್ದಮ್ಮ ವರ್ಷಗಟ್ಟಲೆ ತಲೆಯ ಮೇಲೆ ಹೊತ್ತಿದ್ದರು ಎಂಬುದು ಬೇರೆ ಮಾತು. ನೀತಿಯಡಿ ಒಂದು ಮಹಿಳಾ ಸಂಘಕ್ಕೆ ಒಣಗಿಸುವ ಯಂತ್ರದ ಸಮೇತ ಶೆಡ್ಡು ಸಿಗುವುದಿತ್ತು. ಕೀರ್ತಿ ಓಡಾಡಿ ತಮ್ಮ ಸಂಘದ ಹೆಸರನ್ನು ಮುಂದಕ್ಕೆ ತಂದಳು. ಇನ್ನು ಉಳಿದದ್ದು ಸ್ಥಳ ಪರಿಶೀಲನೆ ಮಾತ್ರ.

ನೋಡಲು ಬಂದವರು ಇಬ್ಬರು: ಯೋಜನೆಯ ಅಧಿಕಾರಿ ಅಮರೇಶ್ ಮತ್ತು ದೊಡ್ಡದೊಂದು ದೇವಸ್ಥಾನದ ಸಮಿತಿಯ ಚಂದ್ರಮೌಳಿ. ಸಂಘದವರು ಮಾಡಿದ ಬತ್ತಿಯನ್ನು ದೇವಸ್ಥಾನವೇ ಕೊಳ್ಳುವುದೆಂದು ಮಾತಾಗಿತ್ತು. ಖಾಯಂ ಗಿರಾಕಿಯೆಂದು ನಾನೂ ಹೋಗಿದ್ದೆ. ಆದರೆ ಅಂದು ಅಂಬೇಡ್ಕರ್ ಜಯಂತಿಯ ಮಾರನೇ ದಿನ. ಪುರಭವನದ ಮುಂದಿನ ಪ್ರತಿಮೆಗೆ ಬಿದ್ದ ಹಾರಗಳೆಲ್ಲ ಮುದ್ದಮ್ಮನ ಮಹಡಿ ಸೇರಿದ್ದವು. ಬೇರೆ ಹಾರವಾಗಿದ್ದರೆ ಬಂದ ಕೂಡಲೇ ಬಿಚ್ಚಿ ರಾಶಿಗೆ ಸೇರಿಸುತ್ತಿದ್ದರು. ಇವನ್ನು ಬಿಚ್ಚಲು ಯಾರಿಗೂ ಮನಸ್ಸು ಬಾರದೆ, ಒಂದು ದಿನ ಇರಲಿ ಅಂತ ನೀಲಿ ರಿಬ್ಬನ್ನಿನ ಸಮೇತ ದೇವರ ಹೂವಿನ ಪಕ್ಕದಲ್ಲೇ ಹರಡಿದ್ದರು.

ಚಂದ್ರಮೌಳಿಯ ಕಣ್ಣು ರಿಬ್ಬನ್ನಿನ ಮೇಲೆ ಬಿತ್ತು.

“ಇದೆಲ್ಲಿಯದಮ್ಮ?”

“ನೆನ್ನೆ ಜಯಂತಿದು ಸ್ವಾಮಿ.”

ಚಂದ್ರಮೌಳಿ ಅಮರೇಶರ ಮುಖ ನೋಡಿದರು. ಅಮರೇಶ್ ಕೆಟ್ಟವರಲ್ಲ, ಕೆಲಸ ಮುಗಿದರೆ ಸಾಕೆನ್ನುವವರು. ಮೆತ್ತಗೆ ಹೇಳಿದರು: “ದೇವಸ್ಥಾನದ ಹೂವಿನಿಂದ ಮಾತ್ರ ತಯಾರಿಸಿದ್ದು ಅಂತ ಪ್ಯಾಕೆಟ್ ಮೇಲೆ ಹಾಕ್ಬೇಕು ಮುದ್ದಮ್ಮನವ್ರೇ. ಗರ್ಭಗುಡಿಗೆ ಹೋಗೋ ವಸ್ತು. ಆ ಹೂವನ್ನ ಬೇರೆ ಮಾಡ್ಬುಡಿ, ಅಷ್ಟೇ.”

“ಮದುವೆಮನೆ ಹೂವು?”

“ಅದು ನಡೆಯುತ್ತೆ, ಮಂಗಳ ಕಾರ್ಯ,” ಅಂದರು ಚಂದ್ರಮೌಳಿ.

ಮುದ್ದಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. “ಅಂಗಾದ್ರೆ ಇದೊಂದೇ ನಡಿಯಾಕಿಲ್ಲ.”

ಕೀರ್ತಿ ತಾಯಿಯ ಕೈ ಹಿಡಿದು ಪಕ್ಕಕ್ಕೆ ಎಳೆದಳು. “ಅವ್ವ, ಒಂದು ಮಾತು ಹೂಂ ಅನ್ನವ್ವ. ಮಳೆಗಾಲ ಬತ್ತಾ ಅದೆ. ಇವರೆಲ್ಲಾ ಏನ್ ಮಾಡ್ಬೇಕು?”

ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಹೆಂಗಸರೆಲ್ಲ ಮುದ್ದಮ್ಮನನ್ನೇ ನೋಡುತ್ತಿದ್ದರು. ಅವರಲ್ಲಿ ಹಿರಿಯರಾದ ಬಸಮ್ಮ ಎದ್ದು ಬಂದು ಒಂದು ಹಾರವನ್ನೆತ್ತಿ ರಿಬ್ಬನ್ ಬಿಚ್ಚಿದರು. ಸೋತರು ಅಂದುಕೊಂಡೆ ನಾನು. ಬಸಮ್ಮ ದಳಗಳನ್ನೆಲ್ಲ ಬಿಡಿಸಿ ದೇವರ ಹೂವಿನ ರಾಶಿಯ ನಡುವೆ ಸುರಿದು ಎರಡೂ ಕೈಯಲ್ಲಿ ಕಲಸಿಬಿಟ್ಟರು.

“ಈಗ ಬೇರೆ ಮಾಡಿ ಸ್ವಾಮಿ, ಆಗೋದಾದ್ರೆ,” ಅಂದರು ಮುದ್ದಮ್ಮ. “ನಮ್ಮನ್ನ ಬೇರೆ ಮಾಡಿದ್ದು ಸಾಕು. ನಮ್ ಮಹಡಿ ಮ್ಯಾಲೂ ಅದೇ ಮಾಡೂಂದ್ರೆ ನಿಮ್ ಶೆಡ್ಡು ನಿಮ್ಗೇ ಇರ್ಲಿ.”

ಶೆಡ್ಡು ಬೇರೊಂದು ಸಂಘಕ್ಕೆ ಹೋಯಿತು. ನನಗೆ ಆದ ಸಿಟ್ಟಿಗೆ ಆ ಸಮಿತಿಯವರಿಗೆ ಸಾಮಾನು ಕೊಡುವುದನ್ನೇ ನಿಲ್ಲಿಸಿದೆ. ಅವರಿಗೇನೂ ನಷ್ಟವಾಗಲಿಲ್ಲ, ಪಕ್ಕದ ಅಂಗಡಿಗೆ ಹೋದರು. ಮಳೆ ಶುರುವಾದಾಗ ಮುದ್ದಮ್ಮ ಮಂಚ, ಪಾತ್ರೆಗಳನ್ನು ಜಗಲಿಗೆ ಸಾಗಿಸಿ ಮನೆಯೊಳಗೆಲ್ಲ ಹೂವು ಹರಡಿದರು. ಬಸಮ್ಮನೂ ಹಾಗೇ ಮಾಡಿದರು, ಉಳಿದವರೂ ಮಾಡಿದರು. ಆ ಮಳೆಗಾಲ ಪೂರ್ತಿ ಆ ಕೇರಿಯವರು ಹೂವಿಗೆ ಮನೆ ಬಿಟ್ಟುಕೊಟ್ಟು ಮೂಲೆಯಲ್ಲಿ ಮಲಗಿದರು. ಸಾಕಷ್ಟು ಹೂವು ಬೂಷ್ಟೂ ಹಿಡಿಯಿತು, ಸುಳ್ಳೇಕೆ ಹೇಳಲಿ.

ಮಳೆ ಬಿಟ್ಟ ಮೇಲೆ ಅಂಗಡಿಗೆ ಬಂದಾಗ ಮುದ್ದಮ್ಮ ಹೊಸ ಪ್ಯಾಕೆಟ್ಟು ತಂದಿದ್ದರು. ಮೊದಲ ಸಲ ಅದರ ಮೇಲೆ ‘ಮುದ್ದಮ್ಮ’ ಎಂದು ದಪ್ಪಕ್ಷರದಲ್ಲಿತ್ತು. ಕೆಳಗೆ: ‘ದೇವಸ್ಥಾನದ ಹೂವು, ಮದುವೆಮನೆ ಹೂವು, ಬಾಬಾಸಾಹೇಬರ ಜಯಂತಿಯ ಹೂವು, ಎಲ್ಲ ಸೇರಿದೆ.’ ಅದರ ಕೆಳಗೆ ಇನ್ನೊಂದು ಸಾಲು. ಅದರ ಮೇಲೆ ಬೆರಳಿಟ್ಟು ಕೇಳಿದೆ.

“ಈ ಸಾಲು ಬೇಕಾ ಮುದ್ದಮ್ಮನವರೇ? ವ್ಯಾಪಾರ ಕೆಡುತ್ತೆ.”

“ಕೆಟ್ರೆ ಕೆಡ್ಲಿ ಬುಡಿ ರುದ್ರಣ್ಣ. ನಮ್ಮವ್ವ, ಅವಳವ್ವ, ಎಲ್ರೂ ಈ ಮಾತ ಕೇಳ್ಕಂಡೇ ಸತ್ರು. ಒಂದ್ಸಲ ನಾವೂ ಹೇಳಾಣ.”

ಪ್ಯಾಕೆಟ್ಟುಗಳನ್ನು ಅಂಗಡಿಯ ಮುಂದಿನ ಸಾಲಿನಲ್ಲಿ, ಬಂದವರ ಕಣ್ಣಿಗೆ ಹೊಡೆಯುವಂತೆ ಜೋಡಿಸಿದೆ. ಆ ಸಾಲು ಹೀಗಿತ್ತು: ‘ಬೇಡದವರು ಮುಟ್ಟಬೇಡಿ.’