ಹಂದಿಬೇಟೆಗೆ ಗುಂಡು ಎರಕ ಹೊಯ್ಯುವ ವರ್ಡೀ

ಬೆಳಗಿನ ಐದೂವರೆ. ಟ್ರಿನಿಟಿ ನದಿಯ ತಗ್ಗಿನಿಂದ ಮಂಜು ಇನ್ನೂ ಎದ್ದಿಲ್ಲ. ಮನೆಯ ಹಿಂದಿನ ತಗಡಿನ ಶೆಡ್ಡಿನ ಎರಡೂ ಬಾಗಿಲು ತೆರೆದಿಟ್ಟು, ಅರವತ್ತೇಳು ವರ್ಷದ ಹೆಂಗಸು ವರ್ಡೀ ಹಡ್ಸ್‌ಪೆತ್ ಕರಗಿದ ಸೀಸಕ್ಕೆ ಚಿಟಿಕೆ ಜೇನುಮೇಣ ಹಾಕಿ ಕದಡುತ್ತಾರೆ. ಬುಸ್ಸೆಂದು ಹೊಗೆ ಏಳುತ್ತದೆ, ಕೊಳೆಯೆಲ್ಲ ಮೇಲೆ ತೇಲುತ್ತದೆ. ಅದನ್ನು ಬಳಿದು ತೆಗೆದು, ಸೌಟು ತುಂಬಿಸಿ ಅಚ್ಚಿಗೆ ಹೊಯ್ಯುತ್ತಾರೆ. ಸ್ವಲ್ಪ ಕಾದು ಅಚ್ಚು ಬಿಚ್ಚಿದರೆ ಹಳೆಯ ಟವೆಲ್ಲಿನ ಮೇಲೆ ಎರಡು ಗುಂಡು ಉರುಳುತ್ತವೆ. ಬೂದು ಬಣ್ಣ, ಮೊಂಡು ಮೂತಿ. ಅಂಗಡಿಯಲ್ಲಿ ಸಿಗುವ ಗುಂಡುಗಳ ಮಿರಮಿರ ಹೊಳಪು ಇವಕ್ಕಿಲ್ಲ.

"ಹೊಳೀಬೇಕು ಅಂದ್ರೆ ಕಿವಿಗೆ ಓಲೆ ಮಾಡ್ಕೊಡ್ತೀನಿ. ಇದು ಹಂದಿಗೆ" ಎನ್ನುತ್ತಾರೆ.

ದಿನಕ್ಕೆ ನಾನೂರು ಗುಂಡು. ಅದರಲ್ಲಿ ಸುಕ್ಕು ಬಿದ್ದವು, ಅಂಚು ತುಂಬದವು ಮೂವತ್ತು ನಲವತ್ತಾದರೂ ಮತ್ತೆ ಪಾತ್ರೆಗೇ ಹೋಗುತ್ತವೆ. ಹತ್ತು ಗಂಟೆಗೆ ಬಿಸಿಲು ತಗಡಿಗೆ ತಾಗುವ ಹೊತ್ತಿಗೆ ಕೆಲಸ ಮುಗಿಯಬೇಕು. ಮೊಣಕೈವರೆಗೆ ತಿಕ್ಕಿ ತೊಳೆಯದೆ ಕಾಫಿ ಲೋಟ ಮುಟ್ಟುವುದಿಲ್ಲ. ಸೀಸದ ಜೊತೆ ಸಲಿಗೆ ಒಳ್ಳೆಯದಲ್ಲ ಎಂಬುದು ಅವರ ಮಾತು.

ಈ ತಗ್ಗಿನ ಜನ ಹಂದಿಯನ್ನು ದೂರದಿಂದ ಹೊಡೆಯುವವರಲ್ಲ. ನಾಯಿಗಳು ಪೊದೆಯೊಳಗೆ ಹಂದಿಯನ್ನು ಅಡ್ಡಗಟ್ಟಿ ನಿಲ್ಲಿಸುತ್ತವೆ, ಬೇಟೆಗಾರ ಮಂಡಿಯೂರಿ ಒಳಗೆ ನುಗ್ಗುತ್ತಾನೆ. ಉದ್ದನೆಯ ಬಂದೂಕು ಬಳ್ಳಿಗೆ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಸೊಂಟದಲ್ಲಿ ರಿವಾಲ್ವರ್. ನಾಲ್ಕು ಹೆಜ್ಜೆ ದೂರದಲ್ಲಿ ಮುನ್ನೂರು ಪೌಂಡಿನ ಗಂಡುಹಂದಿ ತಿರುಗಿದರೆ ಎರಡನೇ ಗುಂಡಿಗೆ ಸಮಯವಿರುವುದಿಲ್ಲ. ಅದರ ಹೆಗಲ ಮೇಲೆ ಹೆಬ್ಬೆರಳಿನಷ್ಟು ದಪ್ಪದ ಗಡಸು ಚರ್ಮ, ಅದರ ಕೆಳಗೆ ಮೂಳೆ. ಗುಂಡು ತಾನು ಒಡೆಯದೆ ಇವೆರಡನ್ನೂ ದಾಟಬೇಕು.

ವರ್ಡೀಯ ವಿದ್ಯೆಯೆಲ್ಲ ಇಲ್ಲೇ ಇದೆ. ಇಪ್ಪತ್ತೆರಡು ವರ್ಷ ಟೈರ್ ಅಂಗಡಿಯಲ್ಲಿ ದುಡಿದ ಅವರು ಚಕ್ರ ಸಮತೂಗಲೆಂದು ಅಂಚಿಗೆ ಬಡಿಯುವ ತೂಕದ ತುಂಡುಗಳನ್ನು ಕೈಯಲ್ಲಿ ಹಿಡಿದೇ ಗುರುತಿಸುತ್ತಾರೆ. ಅನುಮಾನ ಬಂದರೆ ಇಕ್ಕಳ ಹಾಕುತ್ತಾರೆ: ಕಚ್ಚಿದರೆ ಸೀಸ, ಜಾರಿದರೆ ಸತು. ಸತು ಸೇರಿತೋ, ಪಾತ್ರೆಯಲ್ಲಿರುವುದೆಲ್ಲ ಒಡೆದ ಹಾಲಾಗುತ್ತದೆ. ಆ ಸೀಸಕ್ಕೆ ಹಳೆಯ ನೀರಿನ ಕೊಳವೆಯ ಮೆತ್ತನೆ ಸೀಸ ಬೆರೆಸಿ, ಅಚ್ಚಿನ ಮೂಲೆ ತುಂಬಲೆಂದು ಒಂದಿಷ್ಟು ತವರ ಹಾಕುತ್ತಾರೆ. ಹದ ನೋಡಲು ಅವರಲ್ಲಿರುವುದು ಚಿತ್ರ ಬರೆಯುವ ಪೆನ್ಸಿಲ್ಲುಗಳ ಡಬ್ಬಿ. ಆರಿದ ಗುಂಡಿನ ಮೇಲೆ ಮೆತ್ತನೆಯ ಬಿ ಪೆನ್ಸಿಲ್ ಜಾರಬೇಕು, ಅದಕ್ಕಿಂತ ಗಡಸಾದ ಎಚ್‌ಬಿ ಕಚ್ಚಬೇಕು. ಎಚ್‌ಬಿಯೂ ಜಾರಿದರೆ ಗುಂಡು ಗಡಸಾಗಿದೆ ಎಂದು ಮತ್ತೆ ಕರಗಿಸುತ್ತಾರೆ.

"ಗಟ್ಟಿ ಇದ್ರೆ ಆಳಕ್ಕೆ ಹೋಗತ್ತೆ ಅಂತ ಗಂಡಸರಿಗೆ ಯಾರು ಹೇಳ್ಕೊಟ್ರೋ. ಗಾಜೂ ಗಟ್ಟಿನೇ. ಗೋಡೆಗೆ ಎಸೆದು ನೋಡ್ಲಿ."

ಈ ಹಟಕ್ಕೆ ಕಾರಣ ಅವರ ಎಡ ಮೀನಖಂಡದಲ್ಲಿದೆ. ಮೂವತ್ತನಾಲ್ಕನೇ ವಯಸ್ಸಿನಲ್ಲಿ, ಭತ್ತದ ಗದ್ದೆಯ ಬದುವಿನ ಮೇಲೆ, ಅಂಗಡಿಯಿಂದ ತಂದ ಗಡಸು ಗುಂಡು ಹಂದಿಯ ಹೆಗಲಲ್ಲಿ ಪುಡಿಯಾಯಿತು. ಹಂದಿ ನುಗ್ಗಿ ಕಾಲು ಸೀಳಿತು, ಹದಿನೇಳು ಹೊಲಿಗೆ ಬಿದ್ದವು. ಬಿಸ್ಕೆಟ್ ಎಂಬ ನಾಯಿ ನಡುವೆ ಬಿದ್ದು ಅವರನ್ನು ಉಳಿಸಿ ತಾನು ಸತ್ತಿತು.

ಎರಡು ವಾರದ ಹಿಂದೆ ಅಪವಾದ ಬಂದದ್ದು ಇದೇ ಗುಂಡಿನ ಮೇಲೆ. ಕ್ಲೀವನ್ ಬ್ರೂಸಾರ್ಡ್ ಎಂಬ ನಾಯಿಬೇಟೆಗಾರನ ತೊಡೆಯನ್ನು ಹಂದಿ ಸೀಳಿತು. ಅವನ ತಮ್ಮ ಓಡಿ ಬಂದು ಹಂದಿಯನ್ನು ಕೆಡವಿದ್ದರಿಂದ ಜೀವ ಉಳಿಯಿತು. "ವರ್ಡೀ ಗುಂಡು ಹೆಗಲು ದಾಟ್ಲಿಲ್ಲ" ಎಂದು ಅವನು ಆಸ್ಪತ್ರೆಯ ಹಾಸಿಗೆಯಿಂದಲೇ ಹೇಳಿದ. ಊರಿನ ಮೇವಿನ ಅಂಗಡಿಯ ಡ್ವೈಟ್ ಪೆಟಿಗ್ರೂ ಹತ್ತೊಂಬತ್ತು ವರ್ಷದಿಂದ ಮಾರುತ್ತಿದ್ದ ಅವರ ಪೆಟ್ಟಿಗೆಗಳನ್ನು ಕಪಾಟಿನಿಂದ ಇಳಿಸಿದ. ವರ್ಡೀಗೆ ಮಾರಲು ಬೇರೆ ಅಂಗಡಿಯಿಲ್ಲ. ಗಡಸು ಗುಂಡು ಮಾಡಿಕೊಟ್ಟರೆ ಮತ್ತೆ ಇಡುತ್ತೇನೆ ಎಂದು ಡ್ವೈಟ್ ಹೇಳಿಕಳಿಸಿದಾಗ ಅವರು ಕೇಳಿದ್ದು ಒಂದೇ: ಆ ಹಂದಿಯ ಹೆಗಲು.

ಸಾಸೇಜಿಗೆಂದು ಕ್ಲೀವನ್‌ನ ಮನೆಯವರು ಹೆಗಲನ್ನು ಇಡಿಯಾಗಿ ಫ್ರೀಜರಿನಲ್ಲಿಟ್ಟಿದ್ದರು. ಶನಿವಾರ ಬೆಳಿಗ್ಗೆ ಅಂಗಡಿಯಲ್ಲಿ ಕಾಫಿ ಕುಡಿಯುವವರೆಲ್ಲ ನೆರೆದಿದ್ದಾರೆ. ಕ್ಲೀವನ್ ಊರುಗೋಲು ಹಿಡಿದು ಬರುತ್ತಾನೆ, ಹಿಂದೆ ಅವನ ತಮ್ಮ ಹಂದಿಯ ಹೆಗಲನ್ನು ಹೊತ್ತು ತರುತ್ತಾನೆ. ವರ್ಡೀ ಚಾಕುವಿನಿಂದ ಬಗೆದು ಏಳು ಚೂರು ಲೋಹ ಹೆಕ್ಕಿ ಕೌಂಟರಿನ ಮೇಲೆ ಜೋಡಿಸುತ್ತಾರೆ. ದೊಡ್ಡ ಚೂರನ್ನು ಎಚ್‌ಬಿ ಪೆನ್ಸಿಲ್ಲಿನಿಂದ ಗೀರುತ್ತಾರೆ. ಜಾರುತ್ತದೆ. ಅದಕ್ಕೂ ಗಡಸಾದ ಎಚ್ ಜಾರುತ್ತದೆ. ಇನ್ನೂ ಗಡಸಾದ ಟೂ-ಎಚ್ ಕೂಡ ಜಾರುತ್ತದೆ.

"ಸುತ್ತಿಗೆ ಕೊಡು ಡ್ವೈಟ್."

ಕಬ್ಬಿಣದ ದಿಮ್ಮಿಯ ಮೇಲೆ ಚೂರನ್ನಿಟ್ಟು ಬಡಿದರೆ ಕಲ್ಲುಸಕ್ಕರೆಯಂತೆ ಸಿಡಿಯುತ್ತದೆ. ಆಮೇಲೆ ವರ್ಡೀ ತಮ್ಮದೇ ಪೆಟ್ಟಿಗೆಯ ಗುಂಡೊಂದನ್ನು ಬಡಿಯುತ್ತಾರೆ. ಅದು ಅಪ್ಪಚ್ಚಿಯಾಗುತ್ತದೆ, ಅಂಚು ಕೂಡ ಬಿರಿಯುವುದಿಲ್ಲ.

"ಕ್ಲೀವನ್, ಕಂದಾ, ನನ್ನ ಗುಂಡಿಗೆ ಏನು ಹಾಕ್ದೆ?"

ಅವನು ನೆಲ ನೋಡುತ್ತಾನೆ. "ಏನಿಲ್ಲ ಮಿಸ್ ವರ್ಡೀ. ಅಪ್ಪನ ಪ್ರೆಸ್ಸಿನ ಅಕ್ಷರದ ಮೊಳೆ ಒಂದು ಬಕೆಟ್ ಬಿದ್ದಿತ್ತು. ನಿಮ್ಮ ಗುಂಡು ಕರಗಿಸಿ ಅರ್ಧಕ್ಕರ್ಧ ಬೆರೆಸಿ ಮತ್ತೆ ಎರಕ ಹೊಯ್ದೆ. ಇನ್ನೂ ಗಟ್ಟಿ ಆಗ್ಲಿ ಅಂತ."

"ಆಮೇಲೂ ಅದು ನನ್ನ ಗುಂಡೇ?"

"ಮುಕ್ಕಾಲು ಪಾಲು ನಿಮ್ದೇ ಅಂದ್ಕೊಂಡೆ."

ಅಂಗಡಿಯಲ್ಲಿ ಯಾರೋ ಕಿಸಕ್ಕೆನ್ನುತ್ತಾರೆ. "ಅರ್ಧ ಮುಕ್ಕಾಲು ಆಗೋದು ಮೀನು ಹಿಡಿಯೋರ ಬಾಯಲ್ಲಿ ಮಾತ್ರ ಕಣೋ" ಎಂದು ವರ್ಡೀ ಅವನ ಬೆನ್ನಿಗೊಂದು ಗುದ್ದುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆದರೆ ಈ ನೆಲದ ಮೇಲೆ ಅವನ ರಕ್ತವೇ ಚೆಲ್ಲಿದೆ, ಬೈಯಲು ಅವರಿಗೆ ಮನಸ್ಸು ಬರುವುದಿಲ್ಲ. "ಆ ಬಕೆಟ್ ನನಗೆ ತಂದ್ಕೊಡು. ಅಚ್ಚಿನ ಮೊಳೆ ಕೆಟ್ಟದ್ದಲ್ಲ. ಸಾರಿಗೆ ಉಪ್ಪು ಹಾಕೋಷ್ಟು ಹಾಕ್ಬೇಕು. ನೀನು ಉಪ್ಪಿನಲ್ಲೇ ಸಾರು ಮಾಡ್ದೆ."

ಡ್ವೈಟ್ ಗಂಟಲು ಸರಿಮಾಡಿಕೊಳ್ಳುತ್ತಾನೆ. ಪೆಟ್ಟಿಗೆಗಳನ್ನು ಮತ್ತೆ ಕಪಾಟಿಗೇರಿಸುತ್ತಾನಂತೆ. ಆದರೆ ಗಿರಾಕಿಗಳು ಗಡಸನ್ನೇ ಕೇಳುತ್ತಾರಲ್ಲ, ಮೇಲೆ 'ಗಟ್ಟಿ' ಎಂದು ಒಂದು ಚೀಟಿ ಅಂಟಿಸಿದರೆ ಯಾರಿಗೇನು ನಷ್ಟ?

ಇಷ್ಟು ವರ್ಷ ಆ ಪೆಟ್ಟಿಗೆಗಳ ಮೇಲೆ ಅಳತೆಯ ಅಂಕಿ ಬಿಟ್ಟರೆ ಏನೂ ಇರಲಿಲ್ಲ. ಹೆಸರು ಹಾಕಲು ವರ್ಡೀಗೆ ನಾಚಿಕೆ. ಈಗ ಕೌಂಟರಿನಲ್ಲಿದ್ದ ದಪ್ಪ ಮಸಿಯ ಪೆನ್ನು ಎಳೆದುಕೊಂಡು, ಮೊದಲ ಪೆಟ್ಟಿಗೆಯ ಮೇಲೆ ಅಗಲಕ್ಕೆ 'ಮೆತ್ತಗಿದೆ' ಎಂದು ಬರೆಯುತ್ತಾರೆ. ಕೆಳಗೆ ತಮ್ಮ ಪೂರ್ತಿ ಹೆಸರು. ಎರಡನೆಯದರ ಮೇಲೆ, ಮೂರನೆಯದರ ಮೇಲೆ.

"ಮೆತ್ತಗಿದೆ ಅಂತ ಬರೆದ್ರೆ ಯಾರು ತಗೋತಾರೆ ವರ್ಡೀ?" ಡ್ವೈಟ್ ತಲೆ ಕೆರೆದುಕೊಳ್ಳುತ್ತಾನೆ.

ವರ್ಡೀ ತಲೆ ಎತ್ತುವುದಿಲ್ಲ, ನಾಲ್ಕನೆಯದನ್ನು ಬರೆಯುತ್ತಲೇ ಹೇಳುತ್ತಾರೆ. "ಹಂದಿ ಎದುರಿಗೆ ನಿಂತಿರೋರು."

ಊರುಗೋಲನ್ನು ಕೌಂಟರಿಗೆ ಒರಗಿಸಿ, ಕ್ಲೀವನ್ ಮೊದಲ ಪೆಟ್ಟಿಗೆಗೆ ಕೈಚಾಚುತ್ತಾನೆ.